ಹೊಣಕೆರೆ ಸೀಮೆಯಲ್ಲಿ ಮನೆತನದ ಹೆಸರು

ನಾಗಮಂಗಲ ತಾಲ್ಲೂಕಿನ ಹೊಣಕೆರೆಯಿಂದ ಹೊರಟವನು ಪಾಸ್‌ಪೋರ್ಟಿನ ಅರ್ಜಿಯಲ್ಲಿ ಉಪನಾಮದ ಅಂಕಣವನ್ನು ಕಂಡೊಡನೆ ಲೇಖನಿಯನ್ನು ತಡೆಹಿಡಿದರೆ ಅದು ಸಹಜವೇ. ಏಕೆಂದರೆ ಹಳೆಯ ಮೈಸೂರಿನ ಈ ಪ್ರಾಂತದಲ್ಲಿ ಊರು ಹಾಗೂ ತಂದೆಯ ಹೆಸರುಗಳ ಮೊದಲಕ್ಷರಗಳೇ ಬಹುಮಟ್ಟಿಗೆ ವ್ಯಕ್ತಿಯ ವಂಶಪರಿಚಯವನ್ನು ಮಾಡಿಕೊಡುತ್ತ ಬಂದಿವೆ. 1915ರಲ್ಲಿ ಜನಿಸಿದ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ ಎಂದರೆ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ, ‘ಎಸ್’ ಎಂದರೆ ತಂದೆ ಸುಬ್ಬರಾಯರು, ಲೇಖಕ ಎ.ಎನ್. ಮೂರ್ತಿರಾಯರ ‘ಎ’ ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳು. ತಂದೆಯ ಅಕ್ಷರವು ತಲೆಮಾರಿಗೊಮ್ಮೆ ಬದಲಾಗುವುದರಿಂದ, ಹೆಸರನ್ನು ಹಿಡಿದು ಮನೆತನಗಳನ್ನು ಎಣಿಸಹೊರಟ ಗಣತಿಕಾರನಿಗೆ ಇಲ್ಲಿ ದಕ್ಕುವುದು ಅತ್ಯಲ್ಪ. ಈ ಮೊದಲಕ್ಷರಗಳ ನಡುವೆ ವಿರಳವೆನ್ನಬೇಕಾದುದು, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಕವಿ ಪು.ತಿ.ನ. ಅವರ ‘ಪು’, ಅದು ಊರಲ್ಲ, ಪುರೋಹಿತ. ನಿಮ್ಮ ಮೊದಲಕ್ಷರದ ಹಿಂದಿರುವ ಊರು ಯಾವುದೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿರಿ.