ಹಿತ್ತಿಲಿಗೆ ಬಂದ ನವರಂಗದ ಚಿತ್ರ ತೆಗೆಯುವುದು

ಮುಂಬಯಿಗೆ ಮುಂಗಾರು ಕಾಲಿಡುವ ಜೂನ್ ತಿಂಗಳಿನಲ್ಲಿ ನಮ್ಮಂಥವರ ಚಾಳಿನ ಹಿತ್ತಿಲಿಗೂ ಅಪರೂಪಕ್ಕೊಮ್ಮೆ ಒಂದು ಕಾಡುಹಕ್ಕಿ ಬಂದಿಳಿಯುವುದುಂಟು. ಗೊರವಂಕಕ್ಕಿಂತ ಚಿಕ್ಕದು, ಮೋಟುಬಾಲ. ಬೆನ್ನು ಹಸಿರು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಬಾಲದ ಕೆಳಗೆ ಕುಂಕುಮದ ಕೆಂಪು, ಕಣ್ಣಿಗೆ ಕಾಡಿಗೆ ತೀಡಿದಂಥ ಕಪ್ಪು ಪಟ್ಟೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದರ ಹೆಸರು ನವರಂಗ. ಇಂಗ್ಲಿಷಿನವರು ಪಿಟ್ಟ ಎನ್ನುವುದು ತೆಲುಗಿನಿಂದ ತಂದ ಸಾಲ. ತೆಲುಗಿನಲ್ಲಿ ಪಿಟ್ಟ ಎಂದರೆ ಬರಿಯ ಹಕ್ಕಿ. ಬೆಳಿಗ್ಗೆ ಸಂಜೆ ಆರರ ಸುಮಾರಿಗೆ ಕೂಗುವುದರಿಂದ ತಮಿಳರು ಇದನ್ನು ಆರುಮಣಿಕುರುವಿ ಎನ್ನುತ್ತಾರೆ.

ಚಳಿಗಾಲವನ್ನು ದಕ್ಷಿಣ ಭಾರತ, ಶ್ರೀಲಂಕೆಗಳಲ್ಲಿ ಕಳೆದು, ಮಳೆಗಾಲದಲ್ಲಿ ಮರಿಮಾಡಲು ಈ ಹಕ್ಕಿ ಉತ್ತರದ ಕಾಡುಗಳಿಗೆ ಹೊರಡುತ್ತದೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಬರುತ್ತದೆ. ಪ್ರಯಾಣ ರಾತ್ರಿಯಲ್ಲಿ. ದಣಿದು, ಊರಿನ ದೀಪಗಳಿಗೆ ಕಂಗೆಟ್ಟು, ಎಷ್ಟೋ ಸಲ ಕಟ್ಟಡದ ಗಾಜಿಗೆ ಬಡಿದು ಕೆಳಗೆ ಬೀಳುತ್ತದೆ. ಆದುದರಿಂದ ಹಿತ್ತಿಲಲ್ಲಿ ಕಂಡ ನವರಂಗ ನಮ್ಮನ್ನು ನೋಡಲು ಬಂದುದಲ್ಲ. ನಡುದಾರಿಯಲ್ಲಿ ಹೊಟ್ಟೆಗೆ ಹುಡುಕಿಕೊಳ್ಳುತ್ತಿರುವ ಪ್ರಯಾಣಿಕ.

ಇದು ನಮಗೆ ತಡವಾಗಿ ತಿಳಿಯಿತು. ಎರಡು ವರ್ಷದ ಹಿಂದೆ ಗಿರಣಿಗೆ ಹೊರಟಿದ್ದ ನಾವು ನುಗ್ಗೆಮರದ ಬುಡದಲ್ಲಿ ಇದನ್ನು ಕಂಡು, ಬುತ್ತಿಯ ಡಬ್ಬ ಕೆಳಗಿಟ್ಟು ಮೊಬೈಲು ಹಿಡಿದು ಓಡಿದೆವು. ಸಾಲದೆಂದು ನೆರೆಯವರನ್ನೂ ಕೂಗಿ ಕರೆದೆವು. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ. ಈ ಕಡೆ ತಿರುಗಲಿ ಎಂದು ಹುಡುಗನೊಬ್ಬ ಕಲ್ಲೆಸೆದ. ಹಕ್ಕಿ ಹಾರಿ ಮೆಟ್ಟಿಲ ಕಿಟಕಿಯ ಗಾಜಿಗೆ ಬಡಿಯಿತು. ನಮ್ಮ ಚಿತ್ರದಲ್ಲಿ ಸಿಕ್ಕಿದ್ದು ಒಂದು ಹಸಿರು ಗೆರೆ ಮಾತ್ರ.

ಮೂರ್ಛೆಹೋದ ಹಕ್ಕಿಯನ್ನು ಗಾಳಿಗೆ ತೂತು ಮಾಡಿದ ಬೂಟಿನ ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಸದ್ದಿಲ್ಲದ ಮೂಲೆಯಲ್ಲಿರಿಸಿದೆವು. ಇಂಥ ಹೊತ್ತಿನಲ್ಲಿ ಕೊಕ್ಕಿಗೆ ನೀರು ಹನಿಸಬಾರದು. ಉಸಿರ್ನಾಳಕ್ಕೆ ಹೋಗಿ ಸತ್ತೀತು. ಎರಡು ಗಂಟೆಯ ಬಳಿಕ ಪೊದೆಯ ಹತ್ತಿರ ಪೆಟ್ಟಿಗೆ ತೆರೆಯಲು ಹಾರಿಹೋಯಿತು. ಹಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಆ ದಿನ ನಮ್ಮ ಅರ್ಧ ದಿನದ ಸಂಬಳ ಹೋಯಿತು. ಹೋಗತಕ್ಕದ್ದೇ.

ಕಳೆದ ಜೂನಿನಲ್ಲಿ ಮತ್ತೊಂದು ಬಂತು. ಈ ಸಲ ಮನೆಯವರ ಹೊರತು ಯಾರಿಗೂ ಹೇಳಲಿಲ್ಲ. ಸ್ನೇಹಿತರೊಬ್ಬರಿಂದ ಕ್ಯಾಮೆರಾ ಎರವಲು ತಂದು, ಬೆಳಕು ಹರಿಯುವ ಮೊದಲೇ ಗೋಡೆಗೊರಗಿ ನೆಲದ ಮೇಲೆ ಕುಳಿತೆವು. ನವರಂಗ ನೆಲದ ಹಕ್ಕಿ. ತರಗೆಲೆ ಮಗುಚಿ ಹುಳು ತಿನ್ನುತ್ತದೆ. ನಿಂತು ತೆಗೆದರೆ ಬೆನ್ನು ಮಾತ್ರ ಕಾಣುತ್ತದೆ. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಾವು ಹತ್ತಿರ ಹೋಗತಕ್ಕದ್ದಲ್ಲ, ಅದೇ ಬರುವವರೆಗೆ ಕಾಯತಕ್ಕದ್ದು. ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನೋಡಿತೋ, ನಾವು ಮಿತಿ ಮೀರಿದೆವೆಂದು ಅರ್ಥ.

ನೆರಳಿನಲ್ಲಿ ಬೆಳಕು ಸಾಲದು, ನಿಜ. ಹಾಗೆಂದು ಫ್ಲಾಷ್ ಹೊಡೆಯಲಿಲ್ಲ. ಕ್ಯಾಮೆರಾವನ್ನು ಅಕ್ಕಿಯ ಚೀಲದ ಮೇಲೆ ಊರಿ, ಬಾಗಿಲು ತೆರೆದು ಮುಚ್ಚುವ ವೇಗವನ್ನು ಸೆಕೆಂಡಿನ 125ರಲ್ಲಿ ಒಂದು ಪಾಲಿಗೆ ಇಟ್ಟೆವು. ನವರಂಗ ಎರಡು ಕುಪ್ಪಳಿಸಿ ಕ್ಷಣಕಾಲ ನಿಲ್ಲುತ್ತದೆ. ನಿಂತಾಗಲೇ ಗುಂಡಿ ಒತ್ತಬೇಕು. ಮೊಬೈಲಿನಲ್ಲಿ ಅದರ ಕೂಗನ್ನೇ ನುಡಿಸಿ ಕರೆಯುವವರಿದ್ದಾರೆ. ಎದುರಾಳಿ ಬಂದನೆಂದು ಭ್ರಮಿಸಿ ಹಕ್ಕಿ ಹೊಟ್ಟೆಯ ಪಾಡು ಬಿಟ್ಟು ಅಲೆಯುತ್ತದೆ. ದಣಿದ ಜೀವಕ್ಕೆ ಇದು ವಂಚನೆಯೇ ಸರಿ.

ನಲವತ್ತು ಚಿತ್ರಗಳಲ್ಲಿ ಒಂದು ಚೆನ್ನಾಗಿ ಬಂದಿದೆ. ಹಕ್ಕಿ ಹೋಗಿ ವಾರವಾದ ಮೇಲೆ ವಾಚನಾಲಯದ ಫಲಕಕ್ಕೆ ಹಚ್ಚಿದೆವು. ಕೊಕ್ಕಿನಲ್ಲಿ ಎರೆಹುಳುವಿದೆ, ಒಂದು ಕಾಲು ಎಲೆಯ ಮರೆಯಲ್ಲಿದೆ. ಕಂಡ ದಿನ, ಹೊತ್ತು, ಸ್ಥಳಗಳನ್ನು ಕೆಳಗೆ ಬರೆದಿದ್ದೇವೆ.