ಪಟೇಲರ ಮಾತು, ಶಾನುಭೋಗರ ಲೆಕ್ಕ

ಮೇಲೆ ನಾಡಹೆಂಚು, ಮುಂದೆ ಕಲ್ಲುಕಂಬ, ಮಗ್ಗುಲಲ್ಲಿ ಅರಳಿಕಟ್ಟೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಇಂಥ ಚಾವಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. 1834ರಿಂದ 1861ರವರೆಗೆ ಕಬ್ಬನ್ ಸಾಹೇಬರು ಬೆಂಗಳೂರಿನಲ್ಲಿ ಕೂತು ಮೈಸೂರು ಸೀಮೆ ಆಳುತ್ತಿದ್ದಾಗ ಹಳ್ಳಿಯವರ ಪಾಲಿಗೆ ಸರ್ಕಾರವೆಂದರೆ ಈ ಜಗಲಿಯೇ.

ಕಂದಾಯದ ಹೊತ್ತು ಹೀಗಿದ್ದೀತು: ಗೋಡೆಗೊರಗಿ ಪಟೇಲರು. ಎದುರಿಗೆ, ಹೆಗಲ ವಲ್ಲಿಯನ್ನು ಕಂಕುಳಿಗೆ ಸೇರಿಸಿಕೊಂಡ ರೈತ. "ಈ ಸಲ ರಾಗಿ ಕೈಗೆ ಹತ್ತಲಿಲ್ಲ ಗೌಡ್ರೇ, ತಾವೊಂದು ಮಾತು ಹೇಳಬೇಕು." ಪಟೇಲರು ಹ್ಞೂಂ ಅನ್ನುವುದಿಲ್ಲ, ಉಹ್ಞೂಂ ಅನ್ನುವುದಿಲ್ಲ; ಶಾನುಭೋಗರ ಕಡೆ ನೋಡುತ್ತಾರೆ. ಕೆಳಗೆ ಬಿಸಿಲಲ್ಲಿ ತೋಟಿ. ಹೊಲಗಳ ಗಡಿ ಅವನಷ್ಟು ಬಲ್ಲವರಿಲ್ಲ. ಜಗಲಿ ಹತ್ತುವ ಹಕ್ಕು ಮಾತ್ರ ಅವನಿಗಿಲ್ಲ.

ಶಾನುಭೋಗರ ಮಡಿಲಲ್ಲಿ ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರೀ ಪುಸ್ತಕ. ಬಳಪದಲ್ಲಿ ಬರೆದರೆ ಬೆಳ್ಳಗೆ ಮೂಡುತ್ತದೆ. ಒರೆಸಿದರೆ ಹೋಗುತ್ತದೆ, ಬಿಟ್ಟರೆ ತಲೆಮಾರು ಬಾಳುತ್ತದೆ. ಒರೆಸುವುದೋ ಬಿಡುವುದೋ ಎನ್ನುವುದರಲ್ಲೇ ಶಾನುಭೋಗರ ಗತ್ತು ಇದ್ದದ್ದು. ಯಾವ ಹೊಲ ಯಾರದು, ಎಷ್ಟು ಕೊಳಗ ಬೀಜ ಹಿಡಿಯುತ್ತದೆ ಎಂದು ಅಮಲ್ದಾರರೂ ಇವರನ್ನೇ ಕೇಳಬೇಕು.

ಪರದೇಶದಿಂದ ಬಂದು ಆಳುವವರಿಗೆ ಇಂಥವರಿಲ್ಲದೆ ನಡೆಯದು. ಬಟಾವಿಯಾದಲ್ಲಿ ಡಚ್ಚರು 1619ರಲ್ಲಿ ಸೌ ಬೆಂಗ್ ಕಾಂಗ್ ಎಂಬ ವರ್ತಕನನ್ನು ಅಲ್ಲಿನ ಚೀನೀಯರಿಗೆ 'ಕಪಿಟನ್' ಮಾಡಿದರು. ತನ್ನವರ ವ್ಯಾಜ್ಯ ತೀರಿಸುವುದು, ದೊರೆಗಳಿಗೆ ಜವಾಬು ಹೇಳುವುದು ಅವನ ಪಾಲಿಗೆ ಬಂತು. ಕಪಿಟನ್ ದೊರೆಗಳ ಸೃಷ್ಟಿ. ನಮ್ಮ ಪಟೇಲಿಕೆ ಬಿಳಿಯರು ಬರುವ ಮುಂಚಿನದು. ಅವರು ಅದನ್ನು ಹಾಗೇ ಬಳಸಿಕೊಂಡರು, ಅಷ್ಟೇ.

1863ರಲ್ಲಿ ಸರ್ವೆ ಶುರುವಾಯಿತು. ಸರಪಳಿ ಹಿಡಿದು ಅಳೆದರು, ಬಾಂದುಕಲ್ಲು ನೆಟ್ಟರು, ಹೊಲಕ್ಕೊಂದು ನಂಬರು ಕೊಟ್ಟರು. ಕಡತದ ಗುಟ್ಟು ಕಚೇರಿಯ ಕಾಗದಕ್ಕೆ ಏರಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದರೂ ಪಟೇಲರು, ಶಾನುಭೋಗರು ಕದಲಲಿಲ್ಲ. ವಂಶಪಾರಂಪರ್ಯದ ಈ ಹುದ್ದೆಗಳನ್ನು ತೆಗೆದುಹಾಕಿದ್ದು 1961ರ ಕಾಯ್ದೆ.

ಈಗ ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಆದರೂ ಊರಹಬ್ಬದಲ್ಲಿ ಮೊದಲ ವೀಳ್ಯ ಪಟೇಲರ ಮನೆಗೇ ಹೋಗಬೇಕೆಂದು ಹಟ ಹಿಡಿಯುವ ಹಿರಿಯರಿದ್ದಾರೆ. ಯಾಕೆ ಹೋಗಬೇಕು ಎಂದು ಕೇಳುವ ಹುಡುಗರೂ ಇದ್ದಾರೆ.