ಊರಿನ ತಂಡ, ಊರಿನ ದನಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡವೂ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು ಆಟ. ಹೀಗಾಗಿ ಒಂದೊಂದು ತಂಡವೂ ತನ್ನದೇ ವೀಕ್ಷಕ ವಿವರಣೆಗಾರರನ್ನು ಇಟ್ಟುಕೊಂಡಿರುತ್ತದೆ. ಆಟಗಾರರು ನಾಲ್ಕಾರು ವರ್ಷಕ್ಕೆ ಬೇರೆ ತಂಡ ಸೇರಿಬಿಡುತ್ತಾರೆ. ಒಳ್ಳೆಯ ವಿವರಣೆಗಾರರು ಮೂವತ್ತು ನಲವತ್ತು ವರ್ಷ ಅದೇ ಊರಿನಲ್ಲಿ ಉಳಿಯುತ್ತಾರೆ. ಅಡುಗೆಮನೆ, ಗ್ಯಾರೇಜು, ಕಾರು ಎಲ್ಲೆಲ್ಲೂ ಸಂಜೆ ಹೊತ್ತು ಕೇಳುವ ಆ ದನಿ ಕ್ರಮೇಣ ಮನೆಮಂದಿಯದೇ ಆಗುತ್ತದೆ.

ಮೇಜರ್ ಲೀಗ್ ಪಂದ್ಯವೊಂದು ಮೊದಲು ರೇಡಿಯೊದಲ್ಲಿ ಕೇಳಿಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಪೈರೇಟ್ಸ್ ತಂಡ ಫಿಲೀಸ್ ತಂಡವನ್ನು 8-5ರಿಂದ ಸೋಲಿಸಿದ ಆ ಆಟವನ್ನು ವಿವರಿಸಿದವರು ವೆಸ್ಟಿಂಗ್‌ಹೌಸ್ ಕಂಪನಿಯ ನೌಕರ ಹೆರಾಲ್ಡ್ ಆರ್ಲಿನ್. ಟೆಲಿಫೋನನ್ನೇ ಮಾರ್ಪಡಿಸಿ ಮೈಕು ಮಾಡಿಕೊಂಡಿದ್ದರು.

ತಂಡಗಳ ಮಾಲೀಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಮನೆಯಲ್ಲಿ ಕೂತು ಪುಕ್ಕಟೆ ಕೇಳುವಂತಾದರೆ ಟಿಕೆಟ್ ಕೊಳ್ಳುವವರು ಯಾರು ಎಂಬ ಭಯ. ನ್ಯೂಯಾರ್ಕ್‌ನ ಮೂರು ತಂಡಗಳು 1938ರವರೆಗೆ ಪ್ರಸಾರ ಬೇಡವೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಅದನ್ನು ಮುಂದುವರಿಸಲು ಒಪ್ಪದೆ 1939ರಲ್ಲಿ ಪ್ರಸಾರ ಶುರುಮಾಡಿದ್ದು ಬ್ರೂಕ್ಲಿನ್ ಡಾಡ್ಜರ್ಸ್‌ನ ಲ್ಯಾರಿ ಮ್ಯಾಕ್‌ಫೈಲ್. ಅವರು ಸಿನ್ಸಿನಾಟಿಯಿಂದ ವಿವರಣೆಗಾರ ರೆಡ್ ಬಾರ್ಬರ್ ಅವರನ್ನು ಕರೆತಂದರು. ಬಾರ್ಬರ್ ದಕ್ಷಿಣದ ಸೀಮೆಯವರು. ಅವರ ನಿಧಾನದ, ರಾಗವಾದ ಮಾತು ಗಡಿಬಿಡಿಯ ಬ್ರೂಕ್ಲಿನ್‌ಗೆ ಹೇಗೋ ಹೊಂದಿಕೊಂಡಿತು. ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಇಡುವ ಮೂರು ನಿಮಿಷದ ಮರಳು ಗಡಿಯಾರವೊಂದು ಸದಾ ಅವರ ಮುಂದಿರುತ್ತಿತ್ತು. ಮರಳು ಇಳಿದು ಮುಗಿದರೆ ಸ್ಕೋರು ಹೇಳುವುದು, ಗಡಿಯಾರವನ್ನು ಬೋರಲು ಮಾಡುವುದು, ಮತ್ತೆ ಆಟಕ್ಕೆ ಮರಳುವುದು. ಆಗತಾನೇ ರೇಡಿಯೊ ಹಾಕಿದವನಿಗೆ ಬೇಕಾದದ್ದು ಸ್ಕೋರು ಎಂಬ ಸರಳ ತಿಳಿವಳಿಕೆ ಅದರಲ್ಲಿತ್ತು. ಅದೇ ವರ್ಷ ಆಗಸ್ಟ್ 26ರಂದು ಟಿವಿಯಲ್ಲಿ ಮೊದಲ ಸಲ ಮೇಜರ್ ಲೀಗ್ ಆಟ ಬಂದಾಗಲೂ ಮಾತು ಬಾರ್ಬರ್ ಅವರದೇ.

ಪರಊರಿನ ಪಂದ್ಯಗಳಿಗೆ ವಿವರಣೆಗಾರರನ್ನು ಕಳಿಸುವುದು ಆಗ ದುಬಾರಿ. ಮೈದಾನದಿಂದ ತಂತಿಯಲ್ಲಿ ಬರುವ ಚುಟುಕು ಸಂಕೇತಗಳನ್ನು ಹಿಡಿದು, ಸ್ಟುಡಿಯೊದಲ್ಲೇ ಕೂತು, ಕಣ್ಣಾರೆ ಕಂಡಂತೆ ಆಟ ಕಟ್ಟಬೇಕಿತ್ತು. ಬ್ಯಾಟಿನ ಸದ್ದಿಗೆ ಮರದ ತುಂಡು, ಜನರ ಗದ್ದಲಕ್ಕೆ ಗ್ರಾಮಫೋನ್ ತಟ್ಟೆ. ಅಯೋವಾದ ಡಬ್ಲ್ಯುಎಚ್‌ಒ ಕೇಂದ್ರದಲ್ಲಿ ಶಿಕಾಗೊ ಕಬ್ಸ್ ಪಂದ್ಯಗಳನ್ನು ಹೀಗೆ ಹೇಳುತ್ತಿದ್ದ ಯುವಕ ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷ. ಒಮ್ಮೆ ತಂತಿ ಕೆಟ್ಟಾಗ, ಬ್ಯಾಟರ್ ಚೆಂಡಿನ ಮೇಲೆ ಚೆಂಡನ್ನು ಗೆರೆಯಾಚೆ ಫೌಲ್ ಹೊಡೆಯುತ್ತಿದ್ದಾನೆಂದು ನಿಮಿಷಗಟ್ಟಲೆ ಕತೆ ಹೊಸೆದದ್ದನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ರಾಜಕೀಯಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಗಲಾರದು! 2020ರ ಕೋವಿಡ್ ಕಾಲದಲ್ಲಿ ಪರಊರಿನ ಪಂದ್ಯಗಳ ವಿವರಣೆ ಮತ್ತೆ ಮನೆಯೂರಿನಿಂದಲೇ ನಡೆಯಿತು. ಈ ಸಲ ಎದುರಿಗೆ ಟಿವಿ ಪರದೆ ಇತ್ತು.

ಎಲ್ಲರಿಗಿಂತ ದೀರ್ಘಕಾಲ ಒಂದೇ ತಂಡಕ್ಕೆ ದನಿಯಾದವರು ವಿನ್ ಸ್ಕಲ್ಲಿ. 1950ರಲ್ಲಿ, 22ರ ವಯಸ್ಸಿನಲ್ಲಿ, ಬಾರ್ಬರ್ ಕೈಕೆಳಗೆ ಡಾಡ್ಜರ್ಸ್ ಸೇರಿದರು. 1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಸ್ಥಳಾಂತರವಾದಾಗ ಅವರೂ ಹೋದರು. ಅಲ್ಲಿನ ಕೊಲಿಸಿಯಂ ಮೈದಾನ ಎಷ್ಟು ದೊಡ್ಡದೆಂದರೆ ಹಿಂದಿನ ಸಾಲಿನವರಿಗೆ ಆಟ ಸರಿಯಾಗಿ ಕಾಣುತ್ತಿರಲಿಲ್ಲ. ಜನ ಟ್ರಾನ್ಸಿಸ್ಟರ್ ತಂದು, ಮುಂದೆ ನಡೆಯುತ್ತಿದ್ದ ಆಟವನ್ನೇ ಸ್ಕಲ್ಲಿ ಬಾಯಲ್ಲಿ ಕೇಳತೊಡಗಿದರು. 1960ರಲ್ಲಿ ಅವರು ಅಂಪೈರ್ ಒಬ್ಬರ ಹುಟ್ಟುಹಬ್ಬವೆಂದು ಹೇಳಿ ಶುಭಾಶಯ ಕೂಗಲು ಸೂಚಿಸಿದಾಗ ಇಡೀ ಮೈದಾನ ಒಟ್ಟಿಗೆ ಕೂಗಿತು. 1974ರಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ ಮಾತ್ರ ಸ್ಕಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಜನರ ಕೇಕೆಗೆ ಜಾಗ ಬಿಟ್ಟರು. ಎಲ್ಲಿ ಮಾತು ನಿಲ್ಲಿಸಬೇಕೆಂದು ಬಲ್ಲವರು ಈ ಕಸುಬಿನಲ್ಲಿ ಕಡಿಮೆ. 67 ಸೀಸನ್‌ಗಳ ನಂತರ 2016ರಲ್ಲಿ ನಿವೃತ್ತರಾದ ಅವರು 2022ರಲ್ಲಿ ತೀರಿಕೊಂಡರು. ಅದೇ ತಂಡದ ಆಟವನ್ನು 1959ರಿಂದ 2022ರವರೆಗೆ ಸ್ಪ್ಯಾನಿಶ್‌ನಲ್ಲಿ ಹೇಳಿದವರು ಈಕ್ವೆಡಾರ್‌ನಿಂದ ಬಂದ ಹೈಮೆ ಹರೀನ್. ನಗರದ ಲ್ಯಾಟಿನೊ ಮನೆಗಳಿಗೆ ಡಾಡ್ಜರ್ಸ್ ತಲುಪಿದ್ದು ಬಹುಮಟ್ಟಿಗೆ ಅವರ ಮೂಲಕ.

ಡೆಟ್ರಾಯಿಟ್‌ಗೆ ಅರ್ನಿ ಹಾರ್ವೆಲ್ ಇದ್ದರು. ಅಲ್ಲಿಗೆ ಬರುವ ಮುನ್ನ, 1948ರಲ್ಲಿ, ಅವರನ್ನು ಬ್ರೂಕ್ಲಿನ್‌ಗೆ ಕರೆಸಿಕೊಳ್ಳಲು ಅಟ್ಲಾಂಟದ ತಂಡಕ್ಕೆ ಬದಲಿಯಾಗಿ ಒಬ್ಬ ಕ್ಯಾಚರ್‌ನನ್ನೇ ಕೊಡಬೇಕಾಯಿತು. ಡೆಟ್ರಾಯಿಟ್‌ನಲ್ಲಿ ಫೌಲ್ ಚೆಂಡು ಪ್ರೇಕ್ಷಕರತ್ತ ಹೋದಾಗಲೆಲ್ಲ, ಅದನ್ನು ಹಿಡಿದವನು ಸುತ್ತಲಿನ ಯಾವುದೋ ಸಣ್ಣ ಊರಿನವನೆಂದು ಅವರು ಹೇಳಿಬಿಡುತ್ತಿದ್ದರು. ಊಹೆಯೆಂದು ಎಲ್ಲರಿಗೂ ಗೊತ್ತು, ಆದರೂ ತಮ್ಮೂರಿನ ಹೆಸರಿಗಾಗಿ ಕಾಯುತ್ತಿದ್ದರು. 1991ರ ಕೊನೆಗೆ ಅವರನ್ನು ಕೈಬಿಟ್ಟಾಗ ಕೇಳುಗರು ರೊಚ್ಚಿಗೆದ್ದರು. 1993ರಲ್ಲಿ ಮರಳಿ ಕರೆಸಲಾಯಿತು. 2010ರಲ್ಲಿ ಅವರ ಪಾರ್ಥಿವ ಶರೀರವನ್ನು ಕ್ರೀಡಾಂಗಣದಲ್ಲೇ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿದ್ದರು.

ಈ ಪ್ರೀತಿ ಜನರದು. ಕೆಲಸ ಕೊಡುವವರದು ಬೇರೆ ಲೆಕ್ಕ. 1966ರ ಸೆಪ್ಟೆಂಬರ್ 22ರಂದು ಯಾಂಕೀ ಸ್ಟೇಡಿಯಂಗೆ ಬಂದವರು 413 ಮಂದಿ. ಆಗ ಯಾಂಕೀಸ್ ತಂಡದಲ್ಲಿದ್ದ ಬಾರ್ಬರ್ ಖಾಲಿ ಸಾಲುಗಳನ್ನು ತೋರಿಸಿ ಎಂದು ಕ್ಯಾಮೆರಾದವರನ್ನು ಕೇಳಿದರು. ಅವರು ತೋರಿಸದಿದ್ದಾಗ, ಅಂದಿನ ಸುದ್ದಿ ಈ ಖಾಲಿ ಮೈದಾನವೇ ಎಂದು ಬಾರ್ಬರ್ ಬಾಯಲ್ಲೇ ಹೇಳಿದರು. ಕೆಲವೇ ದಿನಗಳಲ್ಲಿ ಕೆಲಸ ಹೋಯಿತು. ಅದಕ್ಕೆ ಎರಡು ವರ್ಷ ಮೊದಲು ಅದೇ ತಂಡ ತನ್ನ ಹೆಸರಾಂತ ದನಿ ಮೆಲ್ ಆಲೆನ್ ಅವರನ್ನೂ ಹೊರಹಾಕಿತ್ತು. ಬೇಸ್‌ಬಾಲ್ ವಿವರಣೆಗಾರರಿಗಾಗಿ ಹಾಲ್ ಆಫ್ ಫೇಮ್ ಸ್ಥಾಪಿಸಿದ ಫೋರ್ಡ್ ಫ್ರಿಕ್ ಪ್ರಶಸ್ತಿ 1978ರಲ್ಲಿ ಮೊದಲ ಸಲ ಸಂದದ್ದು ಈ ಇಬ್ಬರಿಗೇ.